ಗೋದಾಮಿನೊಳಗೆ ಏನಿದೆ ಎಂದು ಬಲ್ಲವರು ಯಾರು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಒಟ್ಟಿಗೆ ಜಾರಿಗೆ ತಂದಿತು. ಆ ಬಳಿಕ ನಡೆದ ಚರ್ಚೆಯ ಬಹುಭಾಗ ವೇತನ, ಗ್ರಾಚ್ಯುಟಿ, ದುಡಿಮೆಯ ಅವಧಿ ಮತ್ತು ಮುಷ್ಕರದ ಹಕ್ಕು, ಇವುಗಳ ಸುತ್ತಲೇ ಸುಳಿಯಿತು. ನಾಲ್ಕರಲ್ಲಿ ಒಂದಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಅಷ್ಟಾಗಿ ಸಾರ್ವಜನಿಕರ ಗಮನ ಸೆಳೆಯಲಿಲ್ಲ. ಆದರೆ ಎಪ್ಪತ್ತೇಳು ವರ್ಷ ಚಾಲ್ತಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ ಸ್ಥಾನವನ್ನು ಈಗ ಆಕ್ರಮಿಸಿರುವುದು ಈ ಸಂಹಿತೆಯೇ. 1969ರ ಕರ್ನಾಟಕ ಕಾರ್ಖಾನೆಗಳ ನಿಯಮಾವಳಿ ನಿಂತಿದ್ದುದು ಆ ಹಳೆಯ ಕಾಯ್ದೆಯ ತಳಹದಿಯ ಮೇಲೆ. ತಳಹದಿ ಬದಲಾದ ಮೇಲೆ ಮೇಲಿನ ಕಟ್ಟಡವನ್ನೂ ಹೊಸದಾಗಿ ಕಟ್ಟಬೇಕಾಗುತ್ತದೆ. ಸಂಹಿತೆ ದೆಹಲಿಯದಾದರೂ ಅದರಡಿಯಲ್ಲಿ ರಾಜ್ಯದ ಉದ್ದಿಮೆಗಳಿಗೆ ಅನ್ವಯಿಸುವ ನಿಯಮಗಳನ್ನು ಬರೆಯುವ ಹೊಣೆ ರಾಜ್ಯಗಳದ್ದು.

ಇಂಥ ಸಂದರ್ಭ ತಲೆಮಾರಿಗೊಮ್ಮೆ ಬರುತ್ತದೆ. ಹಳೆಯ ನಿಯಮಗಳ ಕಲಂ ಸಂಖ್ಯೆಗಳನ್ನು ಬದಲಿಸಿ, ನಮೂನೆಗಳನ್ನು ಅಂತರ್ಜಾಲಕ್ಕೆ ಏರಿಸಿ, ಸರಳೀಕರಣವಾಯಿತೆಂದು ಪ್ರಕಟಣೆ ಹೊರಡಿಸಿ ಸುಮ್ಮನಾಗುವುದು ಸುಲಭ. ಆದರೆ ಅಪಾಯಕಾರಿ ವಸ್ತುಗಳನ್ನು ತಯಾರಿಸುವ, ಸಂಗ್ರಹಿಸುವ, ಮಾರುವ ವ್ಯವಹಾರಗಳ ಮಟ್ಟಿಗೆ ಒಂದು ಮೂಲಪ್ರಶ್ನೆಯನ್ನು ಈಗಲಾದರೂ ಕೇಳಿಕೊಳ್ಳಬೇಕಾಗಿದೆ. ನಮ್ಮ ಕಾನೂನು ಯಾವ ಕಡೆ ನೋಡುತ್ತಿದೆಯೋ ಆ ಕಡೆಯಲ್ಲೇ ಅಪಾಯವೂ ಇದೆಯೇ? ಕಳೆದ ಕೆಲವು ವರ್ಷಗಳ ಘಟನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಉತ್ತರ ಸಮಾಧಾನಕರವಾಗಿಲ್ಲ. ಕಾನೂನು ದೊಡ್ಡ ಕಾರ್ಖಾನೆಯ ಗೇಟಿನ ಬಳಿ ಕಾವಲು ನಿಂತಿದೆ. ಅಪಾಯ ಊರೊಳಗಿನ ಗೋದಾಮಿಗೆ ಬಂದು ಕುಳಿತಿದೆ.

2020ರ ನವೆಂಬರ್‌ನಲ್ಲಿ ಬೆಂಗಳೂರಿನ ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯಲ್ಲಿ, ಜನವಸತಿಯ ನಡುವೆಯೇ ಇದ್ದ ರಾಸಾಯನಿಕ ಗೋದಾಮೊಂದು ಹೊತ್ತಿ ಉರಿಯಿತು. ದ್ರಾವಕ ತುಂಬಿದ ಬ್ಯಾರೆಲ್‌ಗಳು ಒಂದರ ಹಿಂದೊಂದು ಸಿಡಿದವು. ಅಕ್ಕಪಕ್ಕದ ಮನೆಗಳ ಜನ ಉಟ್ಟ ಬಟ್ಟೆಯಲ್ಲಿ ಹೊರಗೋಡಿದರು. ಪ್ರಾಣಹಾನಿ ಆಗಲಿಲ್ಲ ಎಂಬುದು ಅದೃಷ್ಟದ ಮಾತೇ ಹೊರತು ವ್ಯವಸ್ಥೆಯ ಹೆಗ್ಗಳಿಕೆಯಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗ ಬಳಿಯ ಹುಣಸೋಡಿನಲ್ಲಿ, ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಕಲ್ಲು ಗಣಿಗಾರಿಕೆಗಾಗಿ ತಂದಿದ್ದ ಸ್ಫೋಟಕಗಳು ಸಿಡಿದು ಕಾರ್ಮಿಕರು ಛಿದ್ರವಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ನ್ಯೂ ತರಗುಪೇಟೆಯ ಗೋದಾಮಿನಲ್ಲಿ ಸ್ಫೋಟ ಸಂಭವಿಸಿ ಜೀವಗಳು ಹೋದವು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ ಹಾಗೂ ಗೋದಾಮಿನ ಬೆಂಕಿ ಅಂದೇ 14 ಮಂದಿಯನ್ನು ಬಲಿ ತೆಗೆದುಕೊಂಡಿತು. ಆಸ್ಪತ್ರೆಯಲ್ಲಿದ್ದ ಗಾಯಾಳುಗಳಲ್ಲೂ ಕೆಲವರು ಉಳಿಯಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ದೀಪಾವಳಿಯ ನಾಲ್ಕು ದಿನದ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಹರೆಯದ ಹುಡುಗರು. 2024ರ ಜೂನ್‌ನಲ್ಲಿ ಮೈಸೂರಿನ ಒಂದು ಗುಜರಿ ದಾಸ್ತಾನಿನಲ್ಲಿ ಹಳೆಯ ಸಿಲಿಂಡರ್‌ನಿಂದ ಕ್ಲೋರಿನ್ ಸೋರಿ ಸುತ್ತಮುತ್ತಲಿನವರು ಉಸಿರು ಕಟ್ಟಿ ಆಸ್ಪತ್ರೆ ಸೇರಿದರು.

ಗೋದಾಮು, ಕ್ವಾರಿ, ಸರಕು ಮಳಿಗೆ, ಪಟಾಕಿ ಅಂಗಡಿ, ಗುಜರಿ. ಈ ಪಟ್ಟಿಯಲ್ಲಿ ನಾವು ಸಾಮಾನ್ಯವಾಗಿ ‘ರಾಸಾಯನಿಕ ಕಾರ್ಖಾನೆ’ ಎಂದು ಕರೆಯುವ ಜಾಗ ಒಂದೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಅನಾಹುತವೇ ಆಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಆವಿ ಸೋರಿ ಹನ್ನೆರಡು ಜನ ಸತ್ತದ್ದು ದೊಡ್ಡ ಕಾರ್ಖಾನೆಯಲ್ಲೇ. ಅಲ್ಲಿ ಸೈರನ್ ಇತ್ತು, ಆದರೆ ಮೊಳಗಲಿಲ್ಲ. ಆದರೂ ದೊಡ್ಡ ಕಾರ್ಖಾನೆಯ ಹೆಸರು, ವಿಳಾಸ, ಅದರೊಳಗಿನ ವಸ್ತು ಇವಿಷ್ಟಾದರೂ ಸರ್ಕಾರದ ಕಡತದಲ್ಲಿ ಇರುತ್ತವೆ. ಗೋದಾಮಿನ ವಿಷಯದಲ್ಲಿ ಅದೂ ಇರುವುದಿಲ್ಲ.

ಹೀಗಾಗಲು ಕಾರಣ ತಿಳಿಯಬೇಕಾದರೆ ಈ ಕಾನೂನುಗಳ ಹುಟ್ಟನ್ನು ನೋಡಬೇಕು. ನಮ್ಮ ದೇಶದ ರಾಸಾಯನಿಕ ಸುರಕ್ಷತೆಯ ಕಾನೂನುಗಳೆಲ್ಲ ಬಹುಮಟ್ಟಿಗೆ ಭೋಪಾಲದ ಮಕ್ಕಳು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೋಸಯನೇಟ್ ಹೊರಬಿದ್ದು ಮಲಗಿದ್ದ ಊರನ್ನು ಆವರಿಸಿತು. ಅದಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಒಂದು ಹೊಸ ಅಧ್ಯಾಯವೇ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು, 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ, 1996ರಲ್ಲಿ ರಾಸಾಯನಿಕ ಅಪಘಾತಗಳ ತುರ್ತು ನಿರ್ವಹಣಾ ನಿಯಮಗಳು ಬಂದವು. ಒಂದು ಮಹಾದುರಂತಕ್ಕೆ ಒಂದು ರಾಷ್ಟ್ರ ಕೊಟ್ಟ ಗಂಭೀರ ಉತ್ತರವಿದು. ಇದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅವುಗಳನ್ನು ಬರೆದವರ ಕಣ್ಣಮುಂದೆ ಇದ್ದ ಚಿತ್ರ ಭೋಪಾಲದ್ದು. ದೊಡ್ಡ ಕಂಪನಿ, ದೊಡ್ಡ ತೊಟ್ಟಿ, ಒಂದೇ ಆವರಣ. ಆದ್ದರಿಂದ ನಿಯಮಗಳು ಅಳೆಯುವುದೂ ದೊಡ್ಡದನ್ನೇ.

1989ರ ನಿಯಮಗಳಲ್ಲಿ ಪ್ರತ್ಯೇಕ ದಾಸ್ತಾನುಗಳಿಗೆ ಗೊತ್ತುಪಡಿಸಿದ ಪ್ರಮಾಣಗಳನ್ನು ನೋಡಿ. ಕ್ಲೋರಿನ್ 10 ಟನ್ ಮುಟ್ಟಿದಾಗ ಮೊದಲ ಹಂತದ ಕರ್ತವ್ಯಗಳು ಆರಂಭವಾಗುತ್ತವೆ. 25 ಟನ್ ಮುಟ್ಟಿದರೆ ಸುರಕ್ಷತಾ ವರದಿ, ತುರ್ತು ಯೋಜನೆ ಮುಂತಾದ ಪೂರ್ಣ ಹೊಣೆ. ಅಮೋನಿಯಾಕ್ಕೆ ಈ ಎರಡು ಮಿತಿಗಳು 60 ಮತ್ತು 600 ಟನ್. ಅಮೋನಿಯಂ ನೈಟ್ರೇಟ್‌ಗೆ 350 ಮತ್ತು 2,500 ಟನ್. ಸುಲಭವಾಗಿ ಹೊತ್ತಿಕೊಳ್ಳುವ ದ್ರವಗಳ ವಿಷಯದಲ್ಲಂತೂ ಲೆಕ್ಕ ಸಾವಿರಾರು ಟನ್‌ಗಳದ್ದು. ಪೆಟ್ರೋಲಿಯಂ ವರ್ಗದ ದ್ರವಗಳಿಗೆ, ಸ್ಫೋಟಕಗಳಿಗೆ, ಅನಿಲ ಸಿಲಿಂಡರ್‌ಗಳಿಗೆ ಬೇರೆ ಬೇರೆ ಕೇಂದ್ರ ನಿಯಮಗಳಿವೆ, ನಿಜ. ಆದರೂ ಮಾಮೂಲಿ ಐಸ್ ಕಾರ್ಖಾನೆಯ ಅಮೋನಿಯಾ, ಈಜುಕೊಳದ ಅಥವಾ ನೀರು ಶುದ್ಧೀಕರಣ ಘಟಕದ ಕೆಲವು ಕ್ಲೋರಿನ್ ಸಿಲಿಂಡರ್‌ಗಳು, ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಘಟಕದ ಆಮ್ಲ ಮತ್ತು ಸಯನೈಡ್ ಲವಣಗಳು, ಪೇಟೆಯ ರಾಸಾಯನಿಕ ವ್ಯಾಪಾರಿಯ ನೂರಿನ್ನೂರು ಬ್ಯಾರೆಲ್‌ಗಳು, ಇವು ಈ ‘ಭಾರಿ ಅಪಘಾತ’ದ ಜಾಲರಿಯ ಕಣ್ಣುಗಳಿಂದ ಸಲೀಸಾಗಿ ಜಾರಿಹೋಗುತ್ತವೆ. ಒಂದು ಟನ್ ಕ್ಲೋರಿನ್ ಕಿಕ್ಕಿರಿದ ಬಡಾವಣೆಯಲ್ಲಿ ಏನು ಮಾಡಬಲ್ಲದೆಂಬುದನ್ನು ಈ ಮಿತಿಗಳು ಕೇಳುವುದೇ ಇಲ್ಲ.

ಇನ್ನೊಂದು ಅಳತೆಗೋಲು ಕಾರ್ಮಿಕರ ಸಂಖ್ಯೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10, ಬಳಸದ ಕಡೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಈ ಸಂಖ್ಯೆಗಳು 20 ಮತ್ತು 40ಕ್ಕೆ ಏರಿವೆ. ಅಪಾಯಕಾರಿ ಅಥವಾ ಪ್ರಾಣಕ್ಕೆ ಕುತ್ತು ತರುವ ಚಟುವಟಿಕೆ ನಡೆಯುವ ಸ್ಥಳಗಳಿಗೆ ಸಂಖ್ಯೆಯ ಮಿತಿ ಅನ್ವಯಿಸದಂತೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದೆಂಬ ಒಳ್ಳೆಯ ಅವಕಾಶವೂ ಸಂಹಿತೆಯಲ್ಲಿದೆ. ಅದರ ಬೆಲೆ ಇರುವುದು ಅದನ್ನು ಎಷ್ಟು ವಿಶಾಲವಾಗಿ ಬಳಸುತ್ತಾರೆ ಎಂಬುದರಲ್ಲಿ. ಕೆಲಸಗಾರರ ತಲೆ ಎಣಿಸುವುದು ವೇತನ, ರಜೆ, ಭವಿಷ್ಯನಿಧಿಯ ವಿಷಯದಲ್ಲಿ ಅರ್ಥಪೂರ್ಣ. ವಿಷ ಮತ್ತು ಬೆಂಕಿಯ ವಿಷಯದಲ್ಲಿ ಅದು ಅರ್ಥಹೀನ. ರಾಸಾಯನಿಕ ಗೋದಾಮಿನಲ್ಲಿ ಒಬ್ಬ ಗುಮಾಸ್ತ, ಇಬ್ಬರು ಹಮಾಲರು ಇರಬಹುದು; ಗೋಡೆಯಾಚೆ ಇನ್ನೂರು ಸಂಸಾರಗಳಿರಬಹುದು. ಕಾನೂನಿನ ಲೆಕ್ಕದಲ್ಲಿ ಅಲ್ಲಿರುವವರು ಮೂವರೇ.

ಹಾಗಾದರೆ ಈ ಗೋದಾಮುಗಳ ಮೇಲೆ ಯಾರ ಕಣ್ಣೂ ಇಲ್ಲವೇ? ಇದೆ, ಒಂದಲ್ಲ, ಅರ್ಧ ಡಜನ್ ಇಲಾಖೆಗಳ ಕಣ್ಣು. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಗ್ನಿಶಾಮಕ ಇಲಾಖೆ, ವ್ಯಾಪಾರ ಪರವಾನಗಿ ಕೊಡುವ ನಗರಪಾಲಿಕೆ, ಸ್ಫೋಟಕಗಳ ವಿಷಯದಲ್ಲಿ ಜಿಲ್ಲಾಧಿಕಾರಿ ಮತ್ತು ಪೊಲೀಸರು. ಪ್ರತಿಯೊಬ್ಬರ ಬಳಿಯೂ ಒಂದೊಂದು ಕಡತ, ಒಂದೊಂದು ನಮೂನೆ, ಒಂದೊಂದು ನವೀಕರಣದ ತಾರೀಖು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣುವುದಿಲ್ಲ. ಸರ್ಕಾರಿ ಸೇವೆಯಲ್ಲಿದ್ದವರೆಲ್ಲ ಬಲ್ಲ ಮಾತೊಂದಿದೆ: ಆರು ಇಲಾಖೆಗಳ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ. ದುರಂತದ ಮರುದಿನ ಪ್ರತಿ ಇಲಾಖೆಯೂ ತನ್ನ ವ್ಯಾಪ್ತಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ನಿಖರವಾಗಿ ವಿವರಿಸಬಲ್ಲದು. ಅತ್ತಿಬೆಲೆಯ ನಂತರ ಅಧಿಕಾರಿಗಳ ಅಮಾನತು ಆಯಿತು, ರಾಜ್ಯದಾದ್ಯಂತ ಪಟಾಕಿ ಮಳಿಗೆಗಳ ತಪಾಸಣೆ ನಡೆಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮ ಆಡಳಿತ ಎಂದೂ ಹಿಂದೆ ಬಿದ್ದಿಲ್ಲ.

ಈ ವ್ಯವಸ್ಥೆಯ ಅಸಂಗತತೆ ಅರಿಯಲು ಒಂದು ಸಣ್ಣ ಹೋಲಿಕೆ ಸಾಕು. ಅಪಾಯಕಾರಿ ರಾಸಾಯನಿಕ ಸಾಗಿಸುವ ಲಾರಿಯ ಮೇಲೆ ತುರ್ತು ಮಾಹಿತಿಯ ಫಲಕ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ವಸ್ತುವಿನ ಹೆಸರು, ಅದರ ಅಂತರರಾಷ್ಟ್ರೀಯ ಸಂಖ್ಯೆ, ಅಪಾಯದ ಚಿಹ್ನೆ, ತುರ್ತಿಗೆ ಕರೆಯಬೇಕಾದ ದೂರವಾಣಿ ಎಲ್ಲವೂ ಅದರಲ್ಲಿರಬೇಕು. ಚಾಲಕನಿಗೆ ವಿಶೇಷ ತರಬೇತಿಯೂ ಆಗಿರಬೇಕು. ಹೆದ್ದಾರಿಯಲ್ಲಿ ಆ ಲಾರಿ ಉರುಳಿದರೆ ದೂರದಿಂದಲೇ ಓದಿ ತಿಳಿಯಬಹುದು. ಅದೇ ಲಾರಿ ಗಲ್ಲಿಯೊಳಗಿನ ಗೋದಾಮಿಗೆ ಬಂದು ಸರಕು ಇಳಿಸಿ ಹೋದ ಮೇಲೆ? ಗೋದಾಮಿನ ಶಟರ್ ಮೇಲೆ ಅಂಥ ಫಲಕ ಕಾಣುವುದು ಅಪರೂಪ. ಕೆಲವು ಗಂಟೆ ರಸ್ತೆಯಲ್ಲಿದ್ದ ಸರಕಿಗೆ ಗುರುತಿತ್ತು. ತಿಂಗಳುಗಟ್ಟಲೆ ನಮ್ಮ ನೆರೆಯಲ್ಲಿ ಮಲಗುವ ಸರಕಿಗೆ ಗುರುತಿಲ್ಲ. ಬಿಡಿ ಮಾರಾಟಕ್ಕೆಂದು ಬೇರೆ ಡಬ್ಬಿಗಳಿಗೆ ಸುರಿದರಂತೂ ಇದ್ದ ಚೀಟಿಯೂ ಹೋಯಿತು.

ಈ ಅಜ್ಞಾನದ ಬೆಲೆಯನ್ನು ಎಲ್ಲರಿಗಿಂತ ಮೊದಲು ತೆರುವವರು ಅಗ್ನಿಶಾಮಕ ಸಿಬ್ಬಂದಿ. ಇದು ಊಹೆಯಲ್ಲ, ಜಗತ್ತಿನ ಅನುಭವ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ವೆಸ್ಟ್ ಎಂಬ ಪುಟ್ಟ ಊರಿನ ಗೊಬ್ಬರ ಗೋದಾಮು ಸ್ಫೋಟಗೊಂಡಾಗ ಸತ್ತ 15 ಮಂದಿಯಲ್ಲಿ 12 ಮಂದಿ ಬೆಂಕಿ ಆರಿಸಲು, ನೆರವಾಗಲು ಓಡಿ ಬಂದವರು. 2015ರ ಆಗಸ್ಟ್‌ನಲ್ಲಿ ಚೀನಾದ ತಿಯಾನ್‌ಜಿನ್ ಬಂದರಿನ ರಾಸಾಯನಿಕ ಉಗ್ರಾಣದಲ್ಲಿ, ಕಾಣೆಯಾದವರೂ ಸೇರಿ 173 ಜನ ಬಲಿಯಾದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಗ್ನಿಶಾಮಕರು. 2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರಿನ ಉಗ್ರಾಣದಲ್ಲಿ ವರ್ಷಗಳಿಂದ ಕೊಳೆಯುತ್ತಿದ್ದ 2,750 ಟನ್ ಅಮೋನಿಯಂ ನೈಟ್ರೇಟ್ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಂದರಿನ ಬೆಂಕಿಯೆಂದು ಕರೆ ಬಂದು ಹೋದ ಅಗ್ನಿಶಾಮಕ ತಂಡ ಮರಳಲಿಲ್ಲ. ಕೆಲವು ವಸ್ತುಗಳ ಮೇಲೆ ನೀರು ಸುರಿದರೆ ಬೆಂಕಿ ಆರುತ್ತದೆ. ಕೆಲವುಗಳ ಮೇಲೆ ಸುರಿದರೆ ವಿಷಾನಿಲ ಏಳುತ್ತದೆ ಅಥವಾ ಸ್ಫೋಟವಾಗುತ್ತದೆ. ಯಾವುದರ ಮುಂದೆ ನಿಂತಿದ್ದೇನೆ ಎಂದು ತಿಳಿಯದೆ ನೀರಿನ ಕೊಳವೆ ಹಿಡಿದು ಒಳನುಗ್ಗುವ ನಮ್ಮ ಹುಡುಗನನ್ನು ನಾವು ‘ವೀರ’ ಎಂದು ಹೊಗಳುತ್ತೇವೆ. ಅವನಿಗೆ ಬೇಕಾದದ್ದು ಹೊಗಳಿಕೆಯಲ್ಲ, ಒಂದು ಪುಟದ ಮಾಹಿತಿ.

ಇಲ್ಲೊಂದು ವಿಪರ್ಯಾಸವಿದೆ. ಭೋಪಾಲದ ಪಾಠವನ್ನು ಈ ದೃಷ್ಟಿಯಿಂದ ಚೆನ್ನಾಗಿ ಕಲಿತದ್ದು ಯೂನಿಯನ್ ಕಾರ್ಬೈಡಿನ ತವರಾದ ಅಮೆರಿಕ. 1986ರಲ್ಲಿ ಅಲ್ಲಿನ ಸಂಸತ್ತು ತುರ್ತು ಯೋಜನೆ ಹಾಗೂ ಸಮುದಾಯದ ತಿಳಿಯುವ ಹಕ್ಕಿನ ಕಾಯ್ದೆಯನ್ನು ಅಂಗೀಕರಿಸಿತು. ಕ್ಯಾಲಿಫೋರ್ನಿಯಾ ರಾಜ್ಯವು ಇನ್ನೂ ಮುಂದೆ ಹೋಗಿದೆ. ಅಲ್ಲಿ ಸಾಮಾನ್ಯವಾಗಿ 55 ಗ್ಯಾಲನ್ ದ್ರವ, ಅಂದರೆ ಸುಮಾರು 208 ಲೀಟರಿನ ಒಂದು ಬ್ಯಾರೆಲ್. ಅಥವಾ 500 ಪೌಂಡ್, ಅಂದರೆ ಸುಮಾರು 227 ಕಿಲೋ ಘನವಸ್ತು. ಅಥವಾ 200 ಘನ ಅಡಿ ಅನಿಲ ಇಟ್ಟುಕೊಂಡ ಯಾವುದೇ ವ್ಯವಹಾರ ತನ್ನಲ್ಲಿ ಏನಿದೆ, ಎಷ್ಟಿದೆ, ಆವರಣದ ಯಾವ ಮೂಲೆಯಲ್ಲಿದೆ, ಅನಾಹುತವಾದರೆ ಯಾರನ್ನು ಕರೆಯಬೇಕು ಎಂಬುದನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಿದ್ಯುನ್ಮಾನ ಜಾಲದ ಮೂಲಕ ತಿಳಿಸಬೇಕು. ಅದು ಕಾರ್ಖಾನೆಯೋ, ಗ್ಯಾರೇಜೋ, ಗೋದಾಮೋ ಎಂಬ ಪ್ರಶ್ನೆಯಿಲ್ಲ. ಅಲ್ಲಿನ ಅಳತೆ ಒಂದು ಬ್ಯಾರೆಲ್. ನಮ್ಮ 1989ರ ನಿಯಮಗಳ ಅಳತೆ ಹತ್ತಾರು ಟನ್. ಭೋಪಾಲ ನಮ್ಮದು, ಸತ್ತವರು ನಮ್ಮವರು; ಪಾಠ ಮಾತ್ರ ಸಾಗರ ದಾಟಿ ಹೋಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದರಲ್ಲಿ ಹೊಸತೇನೂ ಇಲ್ಲ. ಒಬ್ಬನ ವ್ಯವಹಾರದ ಲಾಭ ಅವನ ಜೇಬಿಗೆ, ಅದರ ಅಪಾಯ ನೆರೆಯವನ ತಲೆಗೆ ಎಂದಾದಾಗ ಮಾರುಕಟ್ಟೆ ತಪ್ಪು ಬೆಲೆ ಕಟ್ಟುತ್ತದೆ. ಊರಾಚೆ ಸುರಕ್ಷಿತ ಉಗ್ರಾಣ ಕಟ್ಟಿಸಿದ ಪ್ರಾಮಾಣಿಕ ವ್ಯಾಪಾರಿಯ ಖರ್ಚು ಹೆಚ್ಚು. ಮನೆಯ ನೆಲಮಾಳಿಗೆಯಲ್ಲಿ ಬ್ಯಾರೆಲ್ ಪೇರಿಸಿದವನ ಖರ್ಚು ಕಡಿಮೆ. ಪೈಪೋಟಿಯಲ್ಲಿ ಗೆಲ್ಲುವವನು ಎರಡನೆಯವನೇ. ಇದನ್ನು ಸರಿಪಡಿಸಲೆಂದೇ ವಿಮೆಯ ಕಾನೂನು ಬಂದದ್ದು. ಆದರೆ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಅನುಸೂಚಿಯಲ್ಲಿ ಒಂದು ಸಾವಿಗೆ ಗೊತ್ತುಪಡಿಸಿದ ತತ್‌ಕ್ಷಣದ ಪರಿಹಾರ 25,000 ರೂಪಾಯಿ, ಆಸ್ತಿ ಹಾನಿಗೆ 6,000 ರೂಪಾಯಿ. ರೂಪಾಯಿಯ ಮೌಲ್ಯ ಕರಗುತ್ತಾ ಹೋದರೂ ಸುಮಾರು ಮೂರು ದಶಕ ಆ ಅಂಕಿ ಅಲ್ಲಾಡಲಿಲ್ಲ. ಅಷ್ಟು ಅಗ್ಗದ ಜೀವದ ಮೇಲಿನ ವಿಮಾ ಕಂತು ಯಾವ ವ್ಯಾಪಾರಿಗೆ ಎಚ್ಚರಿಕೆ ಕಲಿಸೀತು? ಅಧಿಸೂಚಿತ ಪ್ರಮಾಣಕ್ಕಿಂತ ಕಡಿಮೆ ದಾಸ್ತಾನು ಇರುವವರಿಗಂತೂ ಆ ವಿಮೆಯ ಕಟ್ಟುಪಾಡೂ ಇಲ್ಲ.

ದಂಡನೆಯ ಭಯವೂ ಈಗ ಕಡಿಮೆಯಾಗಿದೆ. 2023ರ ಜನ ವಿಶ್ವಾಸ್ ಕಾಯ್ದೆಯು ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಐದು ವರ್ಷದವರೆಗಿನ ಸೆರೆವಾಸವನ್ನು ತೆಗೆದು, ಅದರ ಜಾಗದಲ್ಲಿ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿವರೆಗಿನ ದಂಡವನ್ನು ತಂದಿತು. 2024ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಸಣ್ಣ ಲೋಪಗಳಿಗೆ ಜೈಲು ತೋರಿಸುವ ಕಾನೂನು ಕೊನೆಗೆ ಲಂಚದ ದರವನ್ನಷ್ಟೇ ಏರಿಸುತ್ತದೆ ಎಂಬ ವಾದದಲ್ಲಿ ಹುರುಳಿದೆ. ಈ ಬದಲಾವಣೆಯನ್ನು ನಾನು ಪೂರ್ತಿ ವಿರೋಧಿಸುವವನಲ್ಲ. ಆದರೆ ನಂತರದ ಶಿಕ್ಷೆಯನ್ನು ಸಡಿಲಿಸಿದ ಸರ್ಕಾರ ಮೊದಲಿನ ಎಚ್ಚರಿಕೆಯನ್ನು ಬಿಗಿಗೊಳಿಸಬೇಕು. ಎರಡನ್ನೂ ಸಡಿಲಿಸಿ ‘ವ್ಯಾಪಾರ ಸ್ನೇಹಿ’ ಎಂದು ಕರೆದುಕೊಂಡರೆ ಅದು ನೆರೆಮನೆಯವರ ಜೀವದ ಮೇಲೆ ಕೊಟ್ಟ ಸಬ್ಸಿಡಿಯಾಗುತ್ತದೆ.

ಹಾಗಾದರೆ ರಾಜ್ಯ ಏನು ಮಾಡಬಹುದು? ಮೊದಲನೆಯದಾಗಿ, ಅಪಾಯವನ್ನು ತಲೆಯ ಲೆಕ್ಕದಲ್ಲಿ ಅಳೆಯುವುದನ್ನು ಬಿಟ್ಟು ವಸ್ತುವಿನ ಲೆಕ್ಕದಲ್ಲಿ ಅಳೆಯಬೇಕು. ಯಾವ ವಸ್ತು, ಎಷ್ಟು, ಎಷ್ಟು ಜನರ ನಡುವೆ ಎಂಬ ಮೂರು ಪ್ರಶ್ನೆಗಳೇ ನಿಯಮದ ಬೆನ್ನೆಲುಬಾಗಬೇಕು. ಒಂದೆರಡು ಬ್ಯಾರೆಲ್ ಅಥವಾ ಕೆಲವು ಸಿಲಿಂಡರ್‌ಗಳ ಮಟ್ಟದಿಂದಲೇ ಒಂದು ಪುಟದ ಸ್ವಯಂ ಘೋಷಣೆ ಕಡ್ಡಾಯವಾಗಬೇಕು. ಇದಕ್ಕೆ ಶುಲ್ಕ ಇರಬಾರದು, ಅನುಮೋದನೆಗೆ ಕಾಯುವ ಪ್ರಮೇಯವೂ ಇರಬಾರದು. ಘೋಷಿಸುವುದು ವ್ಯಾಪಾರಿಯ ಕರ್ತವ್ಯ. ಸುಳ್ಳು ಘೋಷಣೆ ಅಥವಾ ಮರೆಮಾಚುವಿಕೆಗೆ ಮಾತ್ರ ಕಠಿಣ ದಂಡ.

ಎರಡನೆಯದಾಗಿ, ಆ ಘೋಷಣೆಗಳೆಲ್ಲ ಒಂದೇ ನೋಂದಣಿಗೆ ಸೇರಬೇಕು. ಆರು ಇಲಾಖೆಗಳೂ ಅದನ್ನೇ ನೋಡಬೇಕು. ಅದರ ಮೊದಲ ಓದುಗ ಹತ್ತಿರದ ಅಗ್ನಿಶಾಮಕ ಠಾಣೆ. ಕರೆ ಬಂದ ಕೂಡಲೇ ಆ ವಿಳಾಸದಲ್ಲಿ ಏನಿದೆ ಎಂಬುದು ವಾಹನ ಹೊರಡುವ ಮುನ್ನವೇ ತಂಡದ ನಾಯಕನ ಕೈಯಲ್ಲಿರಬೇಕು. ಜಮೀನಿನ ಪಹಣಿಗಳನ್ನು ದಶಕಗಳ ಹಿಂದೆಯೇ ಗಣಕಕ್ಕೆ ಏರಿಸಿದ ರಾಜ್ಯಕ್ಕೆ ಇದು ತಾಂತ್ರಿಕವಾಗಿ ದೊಡ್ಡ ಸವಾಲಲ್ಲ. ಮೂರನೆಯದಾಗಿ, ಗೋದಾಮಿನ ಬಾಗಿಲ ಮೇಲೆ ಕನ್ನಡದಲ್ಲಿ, ಅಪಾಯದ ಚಿಹ್ನೆಯೊಂದಿಗೆ ಫಲಕ ಇರಬೇಕು. ಲಾರಿಗೆ ಬೇಕಾದದ್ದು ಕಟ್ಟಡಕ್ಕೂ ಬೇಕು. ಅಲ್ಲಿ ದುಡಿಯುವ ಹಮಾಲರಿಗೆ ಅವರ ಭಾಷೆಯಲ್ಲಿ, ಅದು ತಮಿಳೋ ಹಿಂದಿಯೋ ಒಡಿಯಾವೋ ಆಗಿರಲಿ, ತಿಳಿವಳಿಕೆ ಕೊಡುವುದು ಮಾಲೀಕನ ಹೊಣೆಯಾಗಬೇಕು.

ನಾಲ್ಕನೆಯದು, ಸ್ಥಳಾಂತರ. ಜನವಸತಿಯ ನಡುವಿನ ದಾಸ್ತಾನುಗಳನ್ನು ಒಂದೇ ಏಟಿಗೆ ಮುಚ್ಚಿಸುತ್ತೇವೆಂದರೆ ಅವು ಮುಚ್ಚುವುದಿಲ್ಲ, ಇನ್ನೂ ಕತ್ತಲೆಗೆ ಸರಿಯುತ್ತವೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಗಳಲ್ಲಿ ಸಣ್ಣ ವ್ಯಾಪಾರಿಗಳು ಬಾಡಿಗೆಗೆ ಪಡೆಯಬಹುದಾದ ಸಾಮೂಹಿಕ ಸುರಕ್ಷಿತ ಉಗ್ರಾಣಗಳನ್ನು ಕಟ್ಟಿ, ಒಂದು ವರ್ಷದ ಅವಧಿಯಲ್ಲಿ ತಾವಾಗಿಯೇ ಘೋಷಿಸಿಕೊಂಡು ಅಲ್ಲಿಗೆ ಹೋಗುವವರಿಗೆ ಹಳೆಯ ಲೋಪಗಳ ಬಗ್ಗೆ ಕ್ಷಮಾದಾನ ಕೊಡುವುದು ವಿವೇಕದ ದಾರಿ. ಯಾದಗಿರಿಯ ಕಡೇಚೂರು-ಬಾಡಿಯಾಳದಂಥ ಹೊಸ ಕೈಗಾರಿಕಾ ಪ್ರದೇಶಗಳಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳು ಏಳುತ್ತಿರುವ ಈ ಹೊತ್ತಿನಲ್ಲೇ, ಸುತ್ತಲಿನ ಹಳ್ಳಿಗಳು ಬೆಳೆದು ಅವುಗಳ ಗೋಡೆಗೆ ಅಂಟಿಕೊಳ್ಳದಂತೆ ತೆರಪು ಭೂಮಿ ಕಾಯ್ದಿಡುವ ನಿಯಮವೂ ಆಗಬೇಕು. ಇಂದು ಹೊಲವಿದ್ದಲ್ಲಿ ನಾಳೆ ನಿವೇಶನ ಎಂಬುದು ನಮ್ಮ ನಗರಗಳ ಅನುಭವ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಪೀಣ್ಯವನ್ನು ನೋಡಿದರೆ ಸಾಕು.

ಐದನೆಯದು, ಇರುವ ವ್ಯವಸ್ಥೆಗೆ ಜೀವ ತುಂಬುವುದು. 1996ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಗುಂಪು 45 ದಿನಕ್ಕೊಮ್ಮೆ ಸೇರಬೇಕು, ವರ್ಷಕ್ಕೊಮ್ಮೆಯಾದರೂ ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ನಡೆಸಬೇಕು. ಸಾರ್ವಜನಿಕರು ಕೇಳಿದರೆ ಮಾಹಿತಿ ಕೊಡುವುದೂ ಈ ಗುಂಪುಗಳ ಕೆಲಸ. ಜಿಲ್ಲಾಧಿಕಾರಿಯ ದಿನಚರಿ ಬಲ್ಲವರಿಗೆ ಇಂಥ ಸಭೆಗಳು ಹೇಗೆ ಬೇರೆ ಸಭೆಗಳ ಬಾಲಕ್ಕೆ ಅಂಟಿಕೊಂಡು ಹತ್ತು ನಿಮಿಷದಲ್ಲಿ ಮುಗಿಯುತ್ತವೆ ಎಂಬುದು ಗೊತ್ತು. ಸಭೆಯ ನಡಾವಳಿಯನ್ನೂ ಅಣಕು ಕಾರ್ಯಾಚರಣೆಯ ವರದಿಯನ್ನೂ ಜಿಲ್ಲೆಯ ಜಾಲತಾಣದಲ್ಲಿ ಪ್ರಕಟಿಸುವುದು ಕಡ್ಡಾಯವಾದರೆ, ಅಷ್ಟರಿಂದಲೇ ಅರ್ಧ ಕೆಲಸ ಆದೀತು.

ಇದಕ್ಕೆ ಬರಬಹುದಾದ ಆಕ್ಷೇಪಗಳು ಗಂಭೀರವಾದವೇ. ಇನ್ನೊಂದು ನಮೂನೆಯೆಂದರೆ ಇನ್ನೊಬ್ಬ ಇನ್‌ಸ್ಪೆಕ್ಟರ್, ಇನ್ನೊಂದು ಲಕೋಟೆ ಎಂದು ಸಣ್ಣ ಉದ್ದಿಮೆದಾರ ಹೇಳಿದರೆ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ನಾನು ಹೇಳುತ್ತಿರುವುದು ಪರವಾನಗಿಯಲ್ಲ, ಘೋಷಣೆ. ಪರವಾನಗಿಯಲ್ಲಿ ಅಧಿಕಾರಿಯ ವಿವೇಚನೆ ಇರುತ್ತದೆ, ವಿವೇಚನೆಯಿದ್ದಲ್ಲಿ ಅದಕ್ಕೊಂದು ಬೆಲೆಯೂ ಹುಟ್ಟುತ್ತದೆ. ಘೋಷಣೆಯಲ್ಲಿ ತಡೆಹಿಡಿಯುವುದಕ್ಕೆ ಏನೂ ಇಲ್ಲ. ಮಾಹಿತಿ ಬಹಿರಂಗವಾದರೆ ದುಷ್ಕರ್ಮಿಗಳ ಕೈಗೆ ಸಿಕ್ಕೀತೆಂಬುದು ಇನ್ನೊಂದು ಆತಂಕ. ಪೂರ್ಣ ವಿವರ ತುರ್ತು ಸೇವೆಗಳಿಗೆ ಮಾತ್ರ, ಅಪಾಯದ ಬಗೆ ಮತ್ತು ಎಚ್ಚರಿಕೆಯ ಕ್ರಮ ಮಾತ್ರ ನೆರೆಹೊರೆಗೆ ಎಂದು ವಿಂಗಡಿಸಿದರೆ ಇದಕ್ಕೆ ಪರಿಹಾರವಿದೆ. ತಪಾಸಣೆಗೆ ಸಿಬ್ಬಂದಿಯೆಲ್ಲಿ ಎಂಬುದು ಮೂರನೆಯ ಪ್ರಶ್ನೆ. ಎಲ್ಲೆಲ್ಲಿ ಏನಿದೆ ಎಂದು ತಿಳಿದ ಮೇಲೆ ಇರುವ ಕೆಲವೇ ಸಿಬ್ಬಂದಿಯನ್ನು ಅತಿ ಹೆಚ್ಚು ಅಪಾಯದ ಕಡೆಗೆ ಕಳಿಸಬಹುದು. ತಿಳಿಯದಿದ್ದಾಗ ಎಷ್ಟು ಸಿಬ್ಬಂದಿ ಇದ್ದರೂ ಸಾಲದು.

ಇದೆಲ್ಲ ಕೇಂದ್ರದ ವಿಷಯ, ನಮ್ಮ ಕೈಯಲ್ಲೇನಿದೆ ಎಂಬ ಮಾತು ವಿಧಾನಸೌಧದಲ್ಲಿ ಕೇಳಿಬರಬಹುದು. ಸ್ಫೋಟಕಗಳು, ಪೆಟ್ರೋಲಿಯಂ ಕೇಂದ್ರದ ಪಟ್ಟಿಯಲ್ಲಿರುವುದು ನಿಜ. 1989ರ ನಿಯಮಗಳ ಮಿತಿಗಳನ್ನು ಬದಲಿಸುವುದೂ ದೆಹಲಿಯ ಕೆಲಸವೇ. ಆದರೆ ಅಗ್ನಿಶಾಮಕ ಸೇವೆ ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ ಹೊಣೆಗಳಲ್ಲೊಂದು. ನಮ್ಮಲ್ಲಿ ಅದು 1964ರ ರಾಜ್ಯ ಕಾಯ್ದೆಯ ಅಡಿಯಲ್ಲಿ ನಡೆಯುತ್ತಿದೆ. ವ್ಯಾಪಾರ ಪರವಾನಗಿ ಪಾಲಿಕೆಗಳದ್ದು, ಭೂಬಳಕೆಯ ಯೋಜನೆ ರಾಜ್ಯದ್ದು, ಹೊಸ ಸಂಹಿತೆಯ ರಾಜ್ಯ ನಿಯಮಗಳೂ ರಾಜ್ಯದ್ದೇ. ಬೆಂಗಳೂರಿನಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದವು. ಹೊಸ ಸಂಸ್ಥೆಗಳು ಹಳೆಯ ಅಭ್ಯಾಸಗಳಿಗೆ ಒಗ್ಗಿಕೊಳ್ಳುವ ಮೊದಲೇ ವ್ಯಾಪಾರ ಪರವಾನಗಿಯ ನವೀಕರಣಕ್ಕೆ ಈ ಘೋಷಣೆಯನ್ನು ಜೋಡಿಸಿದರೆ, ಹೊಸ ಕಾಯ್ದೆಗಾಗಿ ಕಾಯದೆಯೇ ಕೆಲಸ ಆರಂಭವಾಗುತ್ತದೆ.

1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮರುವರ್ಷ ಒಂದು ತತ್ವವನ್ನು ಸಾರಿತು. ಅಪಾಯಕಾರಿ ಉದ್ಯಮ ನಡೆಸುವವನು ಅದರಿಂದಾದ ಹಾನಿಗೆ ಸಂಪೂರ್ಣ ಹೊಣೆಗಾರ. ತನ್ನ ತಪ್ಪಿರಲಿಲ್ಲವೆಂದು ಅವನು ಜಾರಿಕೊಳ್ಳುವಂತಿಲ್ಲ. ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠದ ಆ ತೀರ್ಪು ಉದ್ಯಮಿಯ ಹೊಣೆಯನ್ನು ಗೊತ್ತುಪಡಿಸಿತು. ಸರ್ಕಾರದ ಹೊಣೆ ಅದಕ್ಕೂ ಮೊದಲು ಆರಂಭವಾಗುತ್ತದೆ. ಪರಿಹಾರದ ಚೆಕ್ ಹಂಚುವ ದಿನ ಬಾರದಂತೆ, ಯಾವ ಬಾಗಿಲ ಹಿಂದೆ ಏನಿದೆ ಎಂಬುದನ್ನು ತಿಳಿದಿಡುವುದು ಆ ಹೊಣೆಯ ಮೊದಲ ಅಕ್ಷರ.

ಯೂನಿಯನ್ ಕಾರ್ಬೈಡಿನ ಆವರಣದಲ್ಲಿ ಉಳಿದಿದ್ದ 337 ಟನ್ ವಿಷತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿ ಸುಟ್ಟು ಮುಗಿಸಲು ನಮಗೆ 2025ರ ಜೂನ್‌ವರೆಗೆ, ಅಂದರೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಇದ್ದ ಜಾಗ, ಇದ್ದ ವಸ್ತು, ಇದ್ದ ಪ್ರಮಾಣ ಎಲ್ಲರಿಗೂ ಗೊತ್ತಿದ್ದ ವಿಷಕ್ಕೇ ಇಷ್ಟು ಕಾಲ ಹಿಡಿಯಿತು. ಗೊತ್ತೇ ಇಲ್ಲದ ವಿಷಕ್ಕೆ ಎಷ್ಟು ಕಾಲ ಹಿಡಿದೀತೆಂದು ನಿಯಮ ಬರೆಯುವವರು ಯೋಚಿಸಬೇಕು. ಹೊಸ ನಿಯಮಾವಳಿ ಎಷ್ಟು ಪುಟಗಳದ್ದಾದರೂ ಆಗಲಿ, ಅದನ್ನು ಅಳೆಯಲು ಒಂದೇ ಪರೀಕ್ಷೆ ಸಾಕು. ಮುಂದಿನ ಸಲ ನಡುರಾತ್ರಿ ಗೋದಾಮೊಂದರಿಂದ ಹೊಗೆ ಏಳುವಾಗ, ಬಾಗಿಲಿಗೆ ಬಂದು ನಿಂತ ಅಗ್ನಿಶಾಮಕನಿಗೆ ಒಳಗೇನಿದೆ ಎಂದು ಗೊತ್ತಿರುತ್ತದೆಯೇ, ಇಲ್ಲವೇ?